ಸಿ.ವಿ. ರಾಮನ್: ಕಡಲ ನೀಲಿ ಹುಡುಕಿದವರ ಬೆಳಕು ಮೆದುಳಿನ ಗಡ್ಡೆಯನ್ನು ಗುರುತಿಸುವುದು ಹೇಗೆ?

ಫೆಬ್ರವರಿ 28 ಬಂತೆಂದರೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಪೇಟ ಧರಿಸಿದ ಸಿ.ವಿ. ರಾಮನ್ ಅವರ ಫೋಟೋ ಹರಿದಾಡುತ್ತದೆ. ಅಂದು ಅವರ ಹುಟ್ಟುಹಬ್ಬ ಎಂದು ಕೆಲವರು ಬರೆಯುತ್ತಾರೆ. ಆಕಾಶ ಏಕೆ ನೀಲಿ ಎಂದು ಕಂಡುಹಿಡಿದವರು ಇವರೇ ಎಂದು ಇನ್ನು ಕೆಲವರು ಬರೆಯುತ್ತಾರೆ. ಎರಡೂ ತಪ್ಪು.

ಇತ್ತೀಚೆಗೆ ಇನ್ನೊಂದು ಬಗೆಯ ಮೆಸೇಜ್ ಕೂಡ ಬರುತ್ತಿದೆ. ಸ್ಕ್ಯಾನ್ ತೋರಿಸಿದರೆ ಸಾಕು, ಎಐ ಮೆದುಳಿನ ಗಡ್ಡೆಯನ್ನು ಹೇಳಿಬಿಡುತ್ತದೆ, ಇನ್ನು ಡಾಕ್ಟರೇ ಬೇಕಿಲ್ಲ ಎಂಬಂಥದ್ದು. ಇದು ಅರ್ಧ ನಿಜ, ಅರ್ಧ ಅಪಾಯ.

ಈ ಎರಡು ಫಾರ್ವರ್ಡ್‌ಗಳಿಗೂ ಒಂದು ನಂಟಿದೆ. ರಾಮನ್ 1928ರಲ್ಲಿ ಕಂಡ ಬೆಳಕನ್ನೇ ಬಳಸಿ, ಇಂದು ಮೆದುಳಿನ ಆಪರೇಷನ್ ನಡೆಯುತ್ತಿರುವಾಗಲೇ ಅದು ಯಾವ ಗಡ್ಡೆ ಎಂದು ಕಂಪ್ಯೂಟರ್‌ನಿಂದ ತಿಳಿಯುವ ವಿಧಾನ ಬಂದಿದೆ. ಅದು ಹೇಗೆ, ಅದನ್ನು ಎಷ್ಟು ನಂಬಬಹುದು ಎಂಬುದಕ್ಕೆ ರಾಮನ್ ಅವರ ಬದುಕಿನಲ್ಲೇ ಉತ್ತರವಿದೆ. ಬನ್ನಿ, ಮೊದಲಿನಿಂದ ನೋಡೋಣ.

ಹಗಲು ಲೆಕ್ಕಪತ್ರ, ಬೆಳಗ್ಗೆ-ಸಂಜೆ ಪ್ರಯೋಗ

ಚಂದ್ರಶೇಖರ ವೆಂಕಟ ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರು. ತಂದೆಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸ ಸಿಕ್ಕಿದ್ದರಿಂದ ಬಾಲ್ಯ ಅಲ್ಲೇ ಕಳೆಯಿತು. 11ನೇ ವಯಸ್ಸಿಗೇ ಮೆಟ್ರಿಕ್ ಮುಗಿಸಿದ ಹುಡುಗ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿ, 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಮುಗಿಸಿದರು. ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಅವರ ಮೊದಲ ಸಂಶೋಧನಾ ಲೇಖನ ಇಂಗ್ಲೆಂಡಿನ ಪತ್ರಿಕೆಯಲ್ಲಿ ಪ್ರಕಟವಾಯಿತು. ವಿಷಯ ಬೆಳಕೇ ಆಗಿತ್ತು.

ಹೆಚ್ಚಿನ ಓದಿಗೆ ಇಂಗ್ಲೆಂಡಿಗೆ ಹೋಗುವ ಯೋಚನೆ ಇತ್ತು. ಆದರೆ ಅಲ್ಲಿನ ಹವೆ ಈ ದೇಹಕ್ಕೆ ಆಗುವುದಿಲ್ಲ ಎಂದು ವೈದ್ಯರು ತಡೆದರು. ಅಂದಿನ ದಿನಗಳಲ್ಲಿ ವಿಜ್ಞಾನಿಯಾಗಿ ಹೊಟ್ಟೆ ಹೊರೆಯುವುದು ಸುಲಭವಿರಲಿಲ್ಲ. ರಾಮನ್ ಸರ್ಕಾರದ ಹಣಕಾಸು ಸೇವೆಯ ಪರೀಕ್ಷೆ ಬರೆದು, 1907ರಲ್ಲಿ ಕಲ್ಕತ್ತಾದಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆದರು. ಅದೇ ವರ್ಷ ಲೋಕಸುಂದರಿ ಅವರೊಂದಿಗೆ ಮದುವೆ ಆಯಿತು.

ಕಲ್ಕತ್ತಾದ ಬೌಬಜಾರ್ ರಸ್ತೆಯಲ್ಲಿ ಒಂದು ವಿಜ್ಞಾನ ಸಂಸ್ಥೆ ಇತ್ತು. ವೈದ್ಯ ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ ಈ ಸಂಸ್ಥೆಯಲ್ಲಿ ಪ್ರಯೋಗಾಲಯವಿದ್ದರೂ ಪ್ರಯೋಗ ಮಾಡುವವರು ಕಡಿಮೆ. ರಾಮನ್ ಕಚೇರಿಗೆ ಹೋಗುವ ಮುನ್ನ ಅಲ್ಲಿಗೆ, ಕಚೇರಿ ಮುಗಿದ ಮೇಲೆ ಮತ್ತೆ ಅಲ್ಲಿಗೆ ಹೋಗುತ್ತಿದ್ದರು. ಸುಮಾರು ಹತ್ತು ವರ್ಷ ಹೀಗೇ ನಡೆಯಿತು. ವೀಣೆ, ಮೃದಂಗ, ತಬಲಾಗಳ ನಾದದ ಬಗ್ಗೆಯೂ ಅವರು ಸಂಶೋಧನೆ ಮಾಡಿದರು. 1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಪ್ರಾಧ್ಯಾಪಕ ಹುದ್ದೆ ಕೊಟ್ಟಾಗ, ಸಂಬಳ ಕಡಿಮೆಯಾದರೂ ಸರ್ಕಾರಿ ಕೆಲಸ ಬಿಟ್ಟು ಬಂದರು.

ಆಕಾಶವಲ್ಲ, ಸಮುದ್ರ!

1921ರಲ್ಲಿ ರಾಮನ್ ಮೊದಲ ಬಾರಿಗೆ ಇಂಗ್ಲೆಂಡಿಗೆ ಹೋದರು. ಹಡಗಿನಲ್ಲಿ ಮೆಡಿಟರೇನಿಯನ್ ಸಮುದ್ರ ದಾಟುವಾಗ ನೀರಿನ ಗಾಢ ನೀಲಿ ಅವರನ್ನು ಹಿಡಿದು ನಿಲ್ಲಿಸಿತು.

ಆಕಾಶ ನೀಲಿಯಾಗಿ ಕಾಣಲು ಕಾರಣ ಗಾಳಿಯ ಅಣುಗಳು ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುವುದು. ಇದನ್ನು ರಾಮನ್‌ಗಿಂತ ಮೊದಲೇ ಇಂಗ್ಲೆಂಡಿನ ಲಾರ್ಡ್ ರ್‍ಯಾಲೆ ವಿವರಿಸಿದ್ದರು. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬ ಮಾತ್ರ ಎಂದೂ ರ್‍ಯಾಲೆ ಹೇಳಿದ್ದರು. ರಾಮನ್‌ಗೆ ಅದು ಸರಿ ಕಾಣಲಿಲ್ಲ.

ಜೇಬಿನಲ್ಲಿ ಹಿಡಿಸುವ ಒಂದು ಪಟ್ಟಕದ ಸಹಾಯದಿಂದ ಅವರು ನೀರಿನ ಮೇಲ್ಮೈಯ ಪ್ರತಿಬಿಂಬವನ್ನು ಮರೆಮಾಡಿ ನೋಡಿದರು. ಪ್ರತಿಬಿಂಬ ಹೋದರೂ ನೀಲಿ ಹೋಗಲಿಲ್ಲ. ಅಂದರೆ ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿದ್ದವು. ದೊಡ್ಡವರು ಹೇಳಿದ್ದನ್ನು ಹಾಗೇ ಒಪ್ಪದೆ, ಇನ್ನೊಂದು ಕಾರಣವನ್ನು ಬದಿಗೆ ಸರಿಸಿ ನೋಡುವ ಈ ಅಭ್ಯಾಸವನ್ನು ನೆನಪಿಡಿ. ಮುಂದೆ ಎಐ ವಿಷಯದಲ್ಲೂ ಇದೇ ಬೇಕಾಗುತ್ತದೆ.

ಐದು ವರ್ಷ ಕಾಡಿದ ಮಂಕು ಬೆಳಕು

ಕಲ್ಕತ್ತಾಗೆ ಮರಳಿದ ಮೇಲೆ ರಾಮನ್ ಮತ್ತು ಅವರ ವಿದ್ಯಾರ್ಥಿಗಳು ದ್ರವಗಳ ಮೂಲಕ ಬೆಳಕು ಹಾಯಿಸುತ್ತಾ ಕುಳಿತರು. 1923ರಲ್ಲಿ ಕೆ.ಆರ್. ರಾಮನಾಥನ್ ಅವರ ಕಣ್ಣಿಗೆ ಬೇರೆ ಬಣ್ಣದ ಒಂದು ಮಂಕು ಬೆಳಕು ಬಿತ್ತು. ದ್ರವದಲ್ಲಿ ಏನೋ ಕಲ್ಮಶ ಸೇರಿರಬೇಕು ಎಂದುಕೊಂಡು ಮತ್ತೆ ಮತ್ತೆ ಶುದ್ಧೀಕರಿಸಿದರು. ಬೆಳಕು ಹೋಗಲಿಲ್ಲ.

1928ರ ಜನವರಿಯಲ್ಲಿ ರಾಮನ್ ಈ ಕೆಲಸಕ್ಕೆ ಕೆ.ಎಸ್. ಕೃಷ್ಣನ್ ಅವರನ್ನು ಕೂರಿಸಿದರು. ಸಲಕರಣೆಗಳು ಸರಳ. ಸೂರ್ಯನ ಬೆಳಕು, ಅದನ್ನು ಕೇಂದ್ರೀಕರಿಸಲು ಮಸೂರ, ಬಣ್ಣದ ಫಿಲ್ಟರ್‌ಗಳು, ಗಾಜಿನ ಬುರುಡೆಯಲ್ಲಿ ದ್ರವ, ನೋಡಲು ಕಣ್ಣು. ಸುಮಾರು 60 ದ್ರವಗಳನ್ನು ಪರೀಕ್ಷಿಸಿದರು. ಎಲ್ಲದರಲ್ಲೂ ಆ ಬೆಳಕು ಇತ್ತು. ಫೆಬ್ರವರಿ 28ರಂದು ಸ್ಪೆಕ್ಟ್ರೋಸ್ಕೋಪ್ ಮೂಲಕ ನೋಡಿದಾಗ ಒಳಹೋದ ಬಣ್ಣಕ್ಕಿಂತ ಬೇರೆಯಾದ ಬಣ್ಣ ಸ್ಪಷ್ಟವಾಗಿ ಪ್ರತ್ಯೇಕವಾಗಿ ಕಂಡಿತು. ರಾಷ್ಟ್ರೀಯ ವಿಜ್ಞಾನ ದಿನ ಈ ದಿನದ ನೆನಪಿಗೆ. ಹುಟ್ಟುಹಬ್ಬಕ್ಕಲ್ಲ.

ಎರಡು ವಾರ ಕಳೆದು, ಮಾರ್ಚ್ 16ರಂದು ರಾಮನ್ ಈ ಹೊಸ ಬೆಳಕಿನ ಬಗ್ಗೆ ವಿವರವಾದ ಉಪನ್ಯಾಸ ಕೊಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, ದಕ್ಷಿಣ ಭಾರತದ ವಿಜ್ಞಾನ ಸಂಘದ ಸಭೆಯಲ್ಲಿ. 1930ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ವಿಜ್ಞಾನ ವಿಭಾಗದಲ್ಲಿ ಏಷ್ಯಾಕ್ಕೆ ಅದು ಮೊದಲ ನೊಬೆಲ್.

ರಾಮನ್ ಪರಿಣಾಮ ಎಂದರೆ ಏನು?

ಒಂದೇ ಬಣ್ಣದ ಬೆಳಕನ್ನು ಯಾವುದಾದರೂ ವಸ್ತುವಿನ ಮೇಲೆ ಬಿಡಿ. ಚದುರಿದ ಬೆಳಕು ಬಹುಪಾಲು ಅದೇ ಬಣ್ಣದಲ್ಲಿ ವಾಪಸ್ ಬರುತ್ತದೆ. ಆದರೆ ಸುಮಾರು ಒಂದು ಕೋಟಿಯಲ್ಲಿ ಒಂದು ಬೆಳಕಿನ ಕಣ ಅಣುವಿನ ಕಂಪನಕ್ಕೆ ಸ್ವಲ್ಪ ಶಕ್ತಿ ಕೊಟ್ಟು, ಅಥವಾ ಅದರಿಂದ ಪಡೆದು, ಬೇರೆ ಬಣ್ಣವಾಗಿ ಹೊರಬರುತ್ತದೆ. ಬಣ್ಣ ಎಷ್ಟು ಬದಲಾಯಿತು ಎಂಬುದು ಅಣು ಯಾವುದು ಎಂಬುದರ ಮೇಲೆ ನಿಂತಿದೆ.

ಸರಳವಾಗಿ ಹೇಳುವುದಾದರೆ ಇದು ಅಣುವಿನ ಹೆಬ್ಬೆಟ್ಟಿನ ಗುರುತು. ಕೊಬ್ಬಿಗೆ ಒಂದು ಗುರುತು, ಪ್ರೋಟೀನಿಗೆ ಇನ್ನೊಂದು. ವಸ್ತುವಿಗೆ ಬಣ್ಣ ಹಚ್ಚಬೇಕಿಲ್ಲ, ಕರಗಿಸಬೇಕಿಲ್ಲ, ಸುಡಬೇಕಿಲ್ಲ. ಬೆಳಕು ಬಿಟ್ಟು ನೋಡಿದರೆ ಸಾಕು.

ಬೆಂಗಳೂರಿನ 37 ವರ್ಷ

1933ರಲ್ಲಿ ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಮತ್ತೆ ಬಿಟ್ಟು ಹೋಗಲಿಲ್ಲ. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಕಟ್ಟಿದರು. ಆಡಳಿತದ ಜಗಳಗಳಿಂದ 1937ರಲ್ಲಿ ನಿರ್ದೇಶಕ ಸ್ಥಾನ ಬಿಡಬೇಕಾಯಿತು, ಪ್ರಾಧ್ಯಾಪಕರಾಗಿ ಮುಂದುವರಿದರು. 1948ರಲ್ಲಿ ನಿವೃತ್ತರಾದ ಮೇಲೆ, ಮೈಸೂರು ಸಂಸ್ಥಾನ ಕೊಟ್ಟಿದ್ದ ಜಾಗದಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಕಟ್ಟಿ ಅಲ್ಲಿ ಕೆಲಸ ಮಾಡಿದರು. 1954ರಲ್ಲಿ ಭಾರತ ರತ್ನ ಬಂತು.

ಫಾರ್ವರ್ಡ್‌ಗಳಲ್ಲಿ ಬಾರದ ಕೆಲವು ಸಂಗತಿಗಳೂ ಇವೆ. 1933ರಲ್ಲಿ ಕಮಲಾ ಭಾಗ್ವತ್ ಎಂಬ ಪ್ರತಿಭಾವಂತ ವಿದ್ಯಾರ್ಥಿನಿ ಸಂಸ್ಥೆಗೆ ಸೇರಲು ಬಂದಾಗ, ಹೆಣ್ಣು ಎಂಬ ಕಾರಣಕ್ಕೆ ರಾಮನ್ ಮೊದಲು ಒಪ್ಪಲಿಲ್ಲ. ಆಕೆ ಪಟ್ಟು ಬಿಡದಿದ್ದಾಗ ಷರತ್ತು ಹಾಕಿ ಸೇರಿಸಿಕೊಂಡರು. ಕಮಲಾ ಸೊಹೊನಿ ಎಂದು ಮುಂದೆ ಹೆಸರಾದ ಆಕೆ ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಪಡೆದರು. ಹರಳುಗಳಲ್ಲಿ ಪರಮಾಣುಗಳು ಕಂಪಿಸುವ ಬಗೆಯ ಬಗ್ಗೆ ರಾಮನ್ ಮ್ಯಾಕ್ಸ್ ಬಾರ್ನ್ ಅವರೊಂದಿಗೆ ವರ್ಷಗಟ್ಟಲೆ ವಾದಿಸಿದರು. ಕೊನೆಗೆ ವಿಜ್ಞಾನ ಲೋಕ ಒಪ್ಪಿದ್ದು ಬಾರ್ನ್ ಅವರ ಸಿದ್ಧಾಂತವನ್ನು. ನೊಬೆಲ್ ಬಂದವರೂ ತಪ್ಪಬಹುದು. ಅದಕ್ಕೇ ವಿಜ್ಞಾನದಲ್ಲಿ ಹೆಸರಿಗಿಂತ ಪುರಾವೆ ದೊಡ್ಡದು.

ಕೊನೆಯ ವರ್ಷಗಳಲ್ಲಿ ಹೂವಿನ ಬಣ್ಣ, ರತ್ನಗಳು, ಕಣ್ಣು ಬಣ್ಣವನ್ನು ಗ್ರಹಿಸುವ ರೀತಿ ಇವೇ ಅವರ ವಿಷಯಗಳಾದವು. 1970ರ ಅಕ್ಟೋಬರ್ ಕೊನೆಯಲ್ಲಿ ಪ್ರಯೋಗಾಲಯದಲ್ಲೇ ಕುಸಿದುಬಿದ್ದರು. ಆಸ್ಪತ್ರೆಯಲ್ಲಿ ಉಳಿಯಲು ಮನಸ್ಸಿಲ್ಲದೆ ತಮ್ಮ ಸಂಸ್ಥೆಗೇ ಮರಳಿ, ನವೆಂಬರ್ 21ರಂದು ಅಲ್ಲೇ ಕಣ್ಣು ಮುಚ್ಚಿದರು. ಸಂಸ್ಥೆಯ ಅಂಗಳದಲ್ಲೇ ಅಂತ್ಯಕ್ರಿಯೆ ನಡೆಯಿತು. ಅಲ್ಲಿ ಸಮಾಧಿ ಕಟ್ಟಲಿಲ್ಲ, ಒಂದು ಮರ ನೆಟ್ಟರು.

ಅವರ ಬೆಳಕು ಆಪರೇಷನ್ ಥಿಯೇಟರ್‌ಗೆ ಬಂದದ್ದು

ಕೋಟಿಯಲ್ಲಿ ಒಂದು ಎಂದರೆ ಬಹಳ ಕ್ಷೀಣ ಬೆಳಕು. ಅದನ್ನು ಹಿಡಿಯಲು ಗಂಟೆಗಟ್ಟಲೆ ಬೇಕಿತ್ತು. 1960ರಲ್ಲಿ ಲೇಸರ್ ಬಂದ ಮೇಲೆ ಚಿತ್ರ ಬದಲಾಯಿತು. 1962ರಲ್ಲಿ, ರಾಮನ್ ಬದುಕಿದ್ದಾಗಲೇ, ಲೇಸರ್‌ನಿಂದ ಈ ಬೆಳಕನ್ನು ಬಹಳಷ್ಟು ಹೆಚ್ಚಿಸಬಹುದು ಎಂದು ತಿಳಿಯಿತು. 2008ರಲ್ಲಿ ಹಾರ್ವರ್ಡ್‌ನ ವಿಜ್ಞಾನಿಗಳು ಎರಡು ಲೇಸರ್‌ಗಳನ್ನು ಬಳಸಿ ಇದರಿಂದಲೇ ವೇಗವಾಗಿ ಚಿತ್ರ ತೆಗೆಯುವ ಸೂಕ್ಷ್ಮದರ್ಶಕ ಮಾಡಿದರು.

ಮೆದುಳಿಗೆ ಇದರಿಂದ ಏನು ಉಪಯೋಗ? ಆರೋಗ್ಯವಂತ ಮೆದುಳಿನ ಬಿಳಿಭಾಗದಲ್ಲಿ ಕೊಬ್ಬು ಹೆಚ್ಚು. ಗಡ್ಡೆ ಬೆಳೆದಲ್ಲಿ ಜೀವಕೋಶಗಳು ಒತ್ತಾಗಿ ಸೇರಿ ಪ್ರೋಟೀನಿನ ಪಾಲು ಹೆಚ್ಚುತ್ತದೆ. ರಾಮನ್ ಬೆಳಕಿಗೆ ಈ ವ್ಯತ್ಯಾಸ ಕಾಣುತ್ತದೆ.

ಆಪರೇಷನ್ ವೇಳೆ ಸರ್ಜನ್‌ಗೆ ಎರಡು ಪ್ರಶ್ನೆ ಇರುತ್ತವೆ. ಇದು ಯಾವ ಗಡ್ಡೆ? ಎಲ್ಲಿಗೆ ಮುಗಿಯುತ್ತದೆ? ಮೊದಲನೆಯದಕ್ಕೆ ಉತ್ತರ ತಪ್ಪಿದರೆ ಚಿಕಿತ್ಸೆಯೇ ಬದಲಾಗುತ್ತದೆ. ಗ್ಲಿಯೋಮಾ ಆದರೆ ಅಪಾಯವಿಲ್ಲದಷ್ಟು ಭಾಗವನ್ನು ತೆಗೆಯಬೇಕು. ಲಿಂಫೋಮಾ ಆದರೆ ಸಾಮಾನ್ಯವಾಗಿ ಔಷಧವೇ ಮುಖ್ಯ, ದೊಡ್ಡ ಆಪರೇಷನ್ ಬೇಕಿಲ್ಲ. ಎರಡನೆಯದು ತಪ್ಪಿದರೆ ಗಡ್ಡೆ ಉಳಿಯುತ್ತದೆ, ಇಲ್ಲವೇ ಮಾತು, ಕೈಕಾಲಿನ ಶಕ್ತಿ ಹೋಗುತ್ತದೆ.

ಸಾಮಾನ್ಯವಾಗಿ ಆಪರೇಷನ್ ನಡುವೆ ಗಡ್ಡೆಯ ಚೂರನ್ನು ಲ್ಯಾಬ್‌ಗೆ ಕಳಿಸುತ್ತಾರೆ. ಅಲ್ಲಿ ಹೆಪ್ಪುಗಟ್ಟಿಸಿ, ತೆಳ್ಳಗೆ ಕತ್ತರಿಸಿ, ಬಣ್ಣ ಹಚ್ಚಿ ಪೆಥಾಲಜಿಸ್ಟ್ ನೋಡುತ್ತಾರೆ. ಇದಕ್ಕೆ 20ರಿಂದ 30 ನಿಮಿಷ ಬೇಕು. ರಾಮನ್ ವಿಧಾನದಲ್ಲಿ ಚೂರನ್ನು ಗಾಜಿನ ಪಟ್ಟಿಯ ಮೇಲಿಟ್ಟು ಥಿಯೇಟರ್‌ನಲ್ಲೇ ಚಿತ್ರ ತೆಗೆಯಬಹುದು. ಆ ಚಿತ್ರವನ್ನು ಕಂಪ್ಯೂಟರ್ ಓದುತ್ತದೆ.

ಕಂಪ್ಯೂಟರ್ ಕಲಿಯುವುದು ಹೇಗೆ? ಶ್ರೀನಿವಾಸಪುರದ ಮಂಡಿ ನೋಡಿ

ಶ್ರೀನಿವಾಸಪುರದ ಮಾವಿನ ಮಂಡಿಗೆ ಹೊಸದಾಗಿ ಸೇರಿದ ಹುಡುಗನಿಗೆ ಬಾದಾಮಿ ಯಾವುದು, ರಸಪುರಿ ಯಾವುದು, ತೋತಾಪುರಿ ಯಾವುದು ಎಂದು ಯಾರೂ ಪುಸ್ತಕ ಕೊಟ್ಟು ಕಲಿಸುವುದಿಲ್ಲ. ಸಾವಿರಾರು ಹಣ್ಣು ಕೈಯಲ್ಲಿ ಹಿಡಿಯುತ್ತಾನೆ. ಪ್ರತಿ ಬಾರಿ ಹಿರಿಯರು ಹೆಸರು ಹೇಳುತ್ತಾರೆ, ತಪ್ಪಿದರೆ ತಿದ್ದುತ್ತಾರೆ. ಒಂದೆರಡು ಸೀಸನ್ ಕಳೆಯುವಷ್ಟರಲ್ಲಿ ಕಣ್ಣೇ ಹೇಳುತ್ತದೆ.

ಮಷಿನ್ ಲರ್ನಿಂಗ್ ಇದೇ. ಹೆಸರು ಬರೆದಿಟ್ಟ ಲಕ್ಷಾಂತರ ಚಿತ್ರಗಳನ್ನು ಕಂಪ್ಯೂಟರ್‌ಗೆ ತೋರಿಸುತ್ತಾರೆ. ತಪ್ಪಿದಾಗಲೆಲ್ಲ ಅದು ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ಎಂಆರ್‌ಐ ಸ್ಕ್ಯಾನ್‌ನಲ್ಲಿ ಗಡ್ಡೆಯ ಅಂಚು ಗುರುತಿಸುವ ಸಾಫ್ಟ್‌ವೇರ್‌ಗಳೂ ಹೀಗೇ ಕಲಿತಿವೆ. ಅವುಗಳನ್ನು ಒಂದಕ್ಕೊಂದು ಹೋಲಿಸಲು 2012ರಿಂದ ಬ್ರಾಟ್ಸ್ ಎಂಬ ಅಂತರರಾಷ್ಟ್ರೀಯ ಸ್ಪರ್ಧೆ ನಡೆಯುತ್ತಿದೆ.

ಫಲಿತಾಂಶ ಎಷ್ಟು ಸರಿ?

2020ರಲ್ಲಿ ಅಮೆರಿಕದಲ್ಲಿ 278 ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಕಂಪ್ಯೂಟರ್‌ಗೆ ಮೊದಲೇ 25 ಲಕ್ಷಕ್ಕೂ ಹೆಚ್ಚು ರಾಮನ್ ಚಿತ್ರಗಳನ್ನು ತೋರಿಸಿ ಕಲಿಸಲಾಗಿತ್ತು. ಉತ್ತರ ಎರಡೂವರೆ ನಿಮಿಷದೊಳಗೆ ಬಂತು. ಕಂಪ್ಯೂಟರ್ ಶೇ. 94.6ರಷ್ಟು ಸರಿ, ಲ್ಯಾಬ್‌ನ ಸಾಮಾನ್ಯ ವಿಧಾನದಲ್ಲಿ ಪೆಥಾಲಜಿಸ್ಟ್‌ಗಳು ಶೇ. 93.9ರಷ್ಟು ಸರಿ.

ಎಐ ಡಾಕ್ಟರನ್ನು ಸೋಲಿಸಿತು ಎಂದು ಫಾರ್ವರ್ಡ್ ಮಾಡಬೇಡಿ. ಎರಡೂ ಹೆಚ್ಚುಕಡಿಮೆ ಸಮ. ಅದಕ್ಕಿಂತ ಮುಖ್ಯವಾದದ್ದು, ಇಬ್ಬರೂ ಎಡವಿದ್ದು ಬೇರೆ ಬೇರೆ ರೋಗಿಗಳಲ್ಲಿ. ಕಂಪ್ಯೂಟರ್ ತಪ್ಪಿದಲ್ಲಿ ಪೆಥಾಲಜಿಸ್ಟ್ ಸರಿಯಾಗಿ ಹೇಳಿದ್ದರು, ಪೆಥಾಲಜಿಸ್ಟ್ ತಪ್ಪಿದಲ್ಲಿ ಕಂಪ್ಯೂಟರ್ ಹಿಡಿದಿತ್ತು. ಅಂದರೆ ರೋಗಿಗೆ ಹೆಚ್ಚು ಲಾಭ ಇಬ್ಬರೂ ಸೇರಿದಾಗ.

2024ರಲ್ಲಿ ಇದರ ಮುಂದಿನ ಹೆಜ್ಜೆಯಾಗಿ ಫಾಸ್ಟ್‌ಗ್ಲಿಯೋಮಾ ಎಂಬ ವ್ಯವಸ್ಥೆ ಬಂತು. ಆಪರೇಷನ್ ಮಾಡಿದ ಜಾಗದಲ್ಲಿ ಗಡ್ಡೆ ಇನ್ನೂ ಉಳಿದಿದೆಯೇ ಎಂದು ಸುಮಾರು 10 ಸೆಕೆಂಡಿನಲ್ಲಿ, ಸರಾಸರಿ ಶೇ. 92ರಷ್ಟು ಸರಿಯಾಗಿ ಇದು ಹೇಳಿತು. ಕೆಲವೊಮ್ಮೆ ಇದು ತಪ್ಪುವುದೂ ಇದೆ ಎಂಬುದನ್ನು ಮರೆಯಬಾರದು.

ಯಂತ್ರ ಎಲ್ಲಿ ಮೋಸ ಹೋಗುತ್ತದೆ?

ಬರೀ ಬಾದಾಮಿ, ರಸಪುರಿ ನೋಡಿ ಕಲಿತ ಹುಡುಗನ ಕೈಗೆ ಮಲ್ಲಿಕಾ ಕೊಟ್ಟರೆ ಅದಕ್ಕೂ ಬಾದಾಮಿ ಎಂದೇ ಹೇಳಬಹುದು. ಯಂತ್ರವೂ ಅಷ್ಟೇ. ನಮ್ಮ ದೇಶದಲ್ಲಿ ಮೆದುಳಿನ ಸ್ಕ್ಯಾನ್‌ನಲ್ಲಿ ಉಂಗುರದಂತೆ ಕಾಣುವ ಕಲೆ ಎಷ್ಟೋ ಸಲ ಕ್ಯಾನ್ಸರ್ ಆಗಿರುವುದಿಲ್ಲ. ಕ್ಷಯದ ಗಂಟು ಇರಬಹುದು, ಲಾಡಿಹುಳುವಿನ ಮರಿಯಿಂದ ಆದ ಗುಳ್ಳೆ ಇರಬಹುದು. ಇವೆರಡಕ್ಕೂ ಔಷಧವಿದೆ. ಇಂಥ ಉದಾಹರಣೆ ನೋಡದೆ ಕಲಿತ ಸಾಫ್ಟ್‌ವೇರ್ ಇದನ್ನೂ ಗಡ್ಡೆ ಎಂದು ತೋರಿಸಿದರೆ ಆಶ್ಚರ್ಯವಿಲ್ಲ.

ಇನ್ನೊಂದು ಮೋಸವೂ ಇದೆ. ಎದೆಯ ಎಕ್ಸ್‌ರೇ ಓದಲು ಕಲಿಸಿದ ಒಂದು ವ್ಯವಸ್ಥೆ, ಚಿತ್ರ ಯಾವ ಆಸ್ಪತ್ರೆಯದ್ದು ಎಂದು ಗುರುತಿಸಿ ಅದರಿಂದಲೂ ಉತ್ತರ ಊಹಿಸುತ್ತಿತ್ತು ಎಂದು 2018ರ ಅಧ್ಯಯನ ತೋರಿಸಿತು. ಉತ್ತರ ಸರಿ, ಕಾರಣ ತಪ್ಪು. ಬೇರೆ ಆಸ್ಪತ್ರೆಗೆ ಹೋದರೆ ಕೈಕೊಡುತ್ತದೆ.

ರಾಮನ್ ತಂಡ ದ್ರವಗಳನ್ನು ಮತ್ತೆ ಮತ್ತೆ ಶುದ್ಧೀಕರಿಸಿದ್ದು ಇದಕ್ಕೇ. ಕಾಣುತ್ತಿರುವುದು ನಿಜವೋ, ಕಲ್ಮಶವೋ ಎಂದು ತಿಳಿಯದೆ ಅವರು ಹೊಸ ಬೆಳಕು ಎಂದು ಘೋಷಿಸಲಿಲ್ಲ. ಎಐ ಹೇಳುವ ಉತ್ತರಕ್ಕೂ ಇದೇ ಪರೀಕ್ಷೆ ಬೇಕು.

ಸ್ಕ್ಯಾನ್ ಹಿಡಿದು ಬೆಂಗಳೂರಿಗೆ ಹೊರಟವರಿಗೆ

ಮುಳಬಾಗಿಲಿನಿಂದ ಬಸ್ಸಿನಲ್ಲೋ, ಮಾಲೂರಿನಿಂದ ರೈಲಿನಲ್ಲೋ ನಿಮ್ಹಾನ್ಸ್‌ಗೆ ಸ್ಕ್ಯಾನ್ ಫಿಲ್ಮ್ ಹಿಡಿದು ಹೋಗುವ ಮನೆಯವರ ತಲೆಯಲ್ಲಿ ನೂರು ಭಯ ಇರುತ್ತವೆ. ಸಾಮಾನ್ಯವಾಗಿ ಕೇಳಿಬರುವ ತಪ್ಪು ತಿಳಿವಳಿಕೆಗಳು ಇವು:

ತಪ್ಪು: ಸ್ಕ್ಯಾನ್‌ನಲ್ಲಿ ಕಲೆ ಕಂಡರೆ ಅದು ಕ್ಯಾನ್ಸರ್.
ಸರಿ: ಸ್ಕ್ಯಾನ್ ಸುಳಿವು ಕೊಡುತ್ತದೆ. ಎಷ್ಟೋ ಗಡ್ಡೆಗಳು ಕ್ಯಾನ್ಸರ್ ಅಲ್ಲ. ಗಡ್ಡೆಯ ಜಾತಿ ಖಚಿತವಾಗಲು ಬಹಳಷ್ಟು ಸಲ ಬಯಾಪ್ಸಿ ಬೇಕು. ಪೂರ್ಣ ವರದಿಗೆ ಜೀನ್ ಪರೀಕ್ಷೆಗಳೂ ಸೇರಿ ಕೆಲವು ದಿನ ಹಿಡಿಯಬಹುದು.

ತಪ್ಪು: ಎಂಆರ್‌ಐನಿಂದ ವಿಕಿರಣ ತಗುಲಿ ಗಡ್ಡೆ ಬೆಳೆಯುತ್ತದೆ.
ಸರಿ: ಎಂಆರ್‌ಐ ಕೆಲಸ ಮಾಡುವುದು ಅಯಸ್ಕಾಂತ ಮತ್ತು ರೇಡಿಯೋ ಅಲೆಗಳಿಂದ. ಎಕ್ಸ್‌ರೇ ಬಳಸುವುದು ಸಿಟಿ ಸ್ಕ್ಯಾನ್. ಅದನ್ನೂ ವೈದ್ಯರು ಅಗತ್ಯ ನೋಡಿಯೇ ಬರೆಯುತ್ತಾರೆ.

ತಪ್ಪು: ತಲೆನೋವು ಬಂದರೆ ಬ್ರೇನ್ ಟ್ಯೂಮರ್.
ಸರಿ: ಹೆಚ್ಚಿನ ತಲೆನೋವುಗಳಿಗೆ ಗಡ್ಡೆ ಕಾರಣವಲ್ಲ. ಆದರೆ ದೊಡ್ಡವರಿಗೆ ಮೊದಲ ಸಲ ಫಿಟ್ಸ್ ಬಂದರೆ, ವಾರದಿಂದ ವಾರಕ್ಕೆ ಹೆಚ್ಚುವ ತಲೆನೋವಿನ ಜೊತೆ ಬೆಳಗ್ಗೆ ವಾಂತಿ ಆದರೆ, ಒಂದು ಕಡೆಯ ಕೈಕಾಲು ಸೋತರೆ, ಮಾತು, ದೃಷ್ಟಿ, ನಡವಳಿಕೆ ಬದಲಾದರೆ ತಡ ಮಾಡದೆ ವೈದ್ಯರನ್ನು ಕಾಣಿ. ಒಂದು ಕಡೆಯ ಕೈಕಾಲು ಅಥವಾ ಮಾತು ದಿಢೀರನೆ ನಿಂತರೆ ಪಾರ್ಶ್ವವಾಯು ಇರಬಹುದು, ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ.

ತಪ್ಪು: ಸ್ಕ್ಯಾನ್ ಫೋಟೋ ತೆಗೆದು ಮೊಬೈಲ್ ಎಐಗೆ ಹಾಕಿದರೆ ಸಾಕು.
ಸರಿ: ಎಂಆರ್‌ಐ ಎಂದರೆ ನೂರಾರು ಚಿತ್ರಗಳು. ಒಂದು ಫಿಲ್ಮ್‌ನ ಫೋಟೋದಲ್ಲಿ ಅವೆಲ್ಲ ಇರುವುದಿಲ್ಲ. ಮೇಲೆ ಹೇಳಿದ ಅಧ್ಯಯನಗಳ ಎಐ ಬೇರೆ, ಫೋನಿನಲ್ಲಿ ಹರಟೆ ಹೊಡೆಯುವ ಎಐ ಬೇರೆ. ಆಸ್ಪತ್ರೆಗೆ ಹೋಗುವಾಗ ಫಿಲ್ಮ್ ಜೊತೆ ಸ್ಕ್ಯಾನ್ ಸಿಡಿ ಮತ್ತು ಹಳೆಯ ವರದಿಗಳನ್ನೂ ಒಯ್ಯಿರಿ.

ಕೊನೆಯ ಮಾತು

ಮಂಕು ಬೆಳಕನ್ನು ಮೊದಲು ಕಂಡದ್ದು 1923ರಲ್ಲಿ, ಖಚಿತವಾದದ್ದು 1928ರಲ್ಲಿ, ಎಐ ಜೊತೆ ಸೇರಿ ಮೆದುಳಿನ ಗಡ್ಡೆಯ ಹೆಸರು ಹೇಳುವ ಅಧ್ಯಯನ ಬಂದದ್ದು 2020ರಲ್ಲಿ. ರಾಮನ್ ಕ್ಯಾನ್ಸರ್ ಯಂತ್ರ ಕಂಡುಹಿಡಿಯಲಿಲ್ಲ. ಅವರು ಕಡಲು ಏಕೆ ನೀಲಿ ಎಂದು ಕೇಳಿದರು, ಉತ್ತರ ಸಿಕ್ಕ ಮೇಲೂ ಅನುಮಾನ ಬಿಡದೆ ಪರೀಕ್ಷಿಸಿದರು. ಮುಂದಿನ ಫೆಬ್ರವರಿ 28ಕ್ಕೆ ಅವರ ಫೋಟೋ ಕಳಿಸುವಾಗ ಹುಟ್ಟುಹಬ್ಬದ ಶುಭಾಶಯದ ಬದಲು ಈ ಸಂಗತಿ ಬರೆಯಿರಿ. ಮನೆಯಲ್ಲಿ ಯಾರದಾದರೂ ಸ್ಕ್ಯಾನ್ ವರದಿ ಬಂದಿದ್ದರೆ, ಗ್ರೂಪ್‌ಗೆ ಹಾಕುವ ಮುನ್ನ ವೈದ್ಯರಿಗೆ ತೋರಿಸಿ.